ಮೊದಲ ದಿನದ ಸಾಕ್ಷ್ಯ: ಲೈಂಗಿಕ ಅಪರಾಧಗಳ ಕಾನೂನು ಸುಧಾರಣೆ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಲೈಂಗಿಕ ಅಪರಾಧದ ಸುದ್ದಿ ಪೊಲೀಸ್ ಠಾಣೆಯನ್ನು ತಲುಪುವ ಮೊದಲೇ ಊರಿನ ಯಾರಾದರೊಬ್ಬರ ಕಿವಿಗೆ ಬಿದ್ದಿರುತ್ತದೆ. ಆಶಾ ಕಾರ್ಯಕರ್ತೆಗೋ, ಅಂಗನವಾಡಿ ಕಾರ್ಯಕರ್ತೆಗೋ, ವಾರ್ಡಿನ ಸದಸ್ಯರಿಗೋ ತಾಯಿಯೊಬ್ಬಳು ತಗ್ಗಿದ ದನಿಯಲ್ಲಿ ವಿಷಯ ತಿಳಿಸಿ, ಮುಂದೇನು ಮಾಡಬೇಕೆಂದು ಕೇಳುತ್ತಾಳೆ. ‘ಮೊದಲು ಹುಡುಗಿಗೆ ತಲೆಗೆ ನೀರು ಹಾಕಿ ಮಲಗಿಸಿ, ಬೆಳಿಗ್ಗೆ ಹಿರಿಯರನ್ನು ಸೇರಿಸಿ ಮಾತಾಡೋಣ’ ಎಂಬ ಉತ್ತರ ಕನಿಕರದಿಂದಲೇ ಬಂದಿರಬಹುದು. ಆದರೆ ಆ ಒಂದು ರಾತ್ರಿಯಲ್ಲಿ ಬಟ್ಟೆ ಒಗೆದು ಹೋಗುತ್ತದೆ, ಮೈಮೇಲಿನ ಗುರುತು ಅಳಿಯುತ್ತದೆ, ಘಟನೆ ನಡೆದ ಜಾಗದಲ್ಲಿ ಹತ್ತಾರು ಹೆಜ್ಜೆಗಳು ಮೂಡುತ್ತವೆ, ಆರೋಪಿ ಊರು ಬಿಡುತ್ತಾನೆ. ವರ್ಷಗಳ ನಂತರ ನ್ಯಾಯಾಲಯದಲ್ಲಿ ಪ್ರಕರಣ ಸೋತರೆ ಅದರ ಬೇರು ಬಹುಮಟ್ಟಿಗೆ ಆ ರಾತ್ರಿಯಲ್ಲೇ ಇರುತ್ತದೆ.

ಕಳೆದ ನಾಲ್ಕು ದಶಕಗಳಲ್ಲಿ ದೇಶದ ಕಾನೂನು ಈ ವಿಷಯದಲ್ಲಿ ಬಹಳ ದೂರ ಸಾಗಿ ಬಂದಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕಲಂಗಳ ಸಂಖ್ಯೆ ಬದಲಾಗಿದೆ. ಅದನ್ನು ಬಾಯಿಪಾಠ ಮಾಡುವ ಅಗತ್ಯ ಸದಸ್ಯರಿಗಿಲ್ಲ. ಆದರೆ ಕಾನೂನಿನ ದೃಷ್ಟಿ ಎಲ್ಲಿಂದ ಎಲ್ಲಿಗೆ ತಿರುಗಿತು ಎಂಬುದನ್ನು ಅರಿಯದೆ ಊರಿನ ಮೊದಲ ದಿನದ ಕರ್ತವ್ಯ ಅರ್ಥವಾಗುವುದಿಲ್ಲ.

ಗಾಯವಿಲ್ಲವೆಂದರೆ ಒಪ್ಪಿಗೆಯೇ?

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಬಾಲಕಿಯ ಮೇಲೆ ಪೊಲೀಸರೇ ದೌರ್ಜನ್ಯ ಎಸಗಿದರೆಂಬ ಆರೋಪ ಬಂದಿತು. ಕಾನೂನು ಪುಸ್ತಕಗಳು ಈ ಪ್ರಕರಣವನ್ನು ಆ ಬಾಲಕಿಯ ಹೆಸರಿನಿಂದಲೇ ಕರೆಯುತ್ತವೆ. ಇಲ್ಲಿ ಆ ಹೆಸರು ಬೇಕಿಲ್ಲ. ಸೆಷನ್ಸ್ ನ್ಯಾಯಾಲಯವು ಆಕೆಯ ಹಿಂದಿನ ನಡತೆಯನ್ನು ಮುಂದಿಟ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. ಹೆದರಿಕೆಯಿಂದ ಸುಮ್ಮನಾಗುವುದು ಬೇರೆ, ಒಪ್ಪಿಗೆ ಬೇರೆ ಎಂದು ಹೇಳಿ ಉಚ್ಚ ನ್ಯಾಯಾಲಯ ಶಿಕ್ಷೆ ವಿಧಿಸಿತು. ಆದರೆ 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೈಮೇಲೆ ಗಾಯದ ಗುರುತಿಲ್ಲ, ಪ್ರತಿರೋಧದ ಕುರುಹಿಲ್ಲ ಎಂಬ ಆಧಾರದ ಮೇಲೆ ಮತ್ತೆ ಬಿಡುಗಡೆಯ ತೀರ್ಪು ನೀಡಿತು. ರಾತ್ರಿಯ ಹೊತ್ತು, ಠಾಣೆಯ ಒಳಗೆ, ಖಾಕಿ ತೊಟ್ಟವರ ಎದುರು ಬಡ ಬಾಲಕಿಯೊಬ್ಬಳು ಎಷ್ಟು ಹೋರಾಡಬಲ್ಲಳು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಜಾಗ ಸಿಗಲಿಲ್ಲ.

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದ ಹಲವೆಡೆ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಅದರ ಫಲವೇ 1983ರ ತಿದ್ದುಪಡಿ. ಪೊಲೀಸ್ ವಶದಲ್ಲಿ, ಆಸ್ಪತ್ರೆಯಲ್ಲಿ, ಸರ್ಕಾರಿ ನೌಕರನ ಅಧಿಕಾರದ ನೆರಳಿನಲ್ಲಿ ಅತ್ಯಾಚಾರ ನಡೆದು, ಲೈಂಗಿಕ ಕ್ರಿಯೆ ಸಾಬೀತಾದ ಮೇಲೆ ‘ನಾನು ಒಪ್ಪಿರಲಿಲ್ಲ’ ಎಂದು ಸಂತ್ರಸ್ತೆ ಹೇಳಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕೆಂಬ ನಿಯಮ ಬಂದಿತು. ಇಂದು ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂನಲ್ಲಿದೆ. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕೆಂಬುದೂ, ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಅಪರಾಧವೆಂಬುದೂ ಆಗಲೇ ಬಂದ ನಿಯಮಗಳು.

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ದೂರು ಕೊಟ್ಟ ಹೆಣ್ಣು ‘ಸಾಮಾನ್ಯವಾಗಿ ಅನೈತಿಕ ನಡತೆಯವಳು’ ಎಂದು ತೋರಿಸಿ ಆಕೆಯ ಮಾತನ್ನು ಅಲ್ಲಗಳೆಯಲು ಆರೋಪಿಗೆ ಹಳೆಯ ಸಾಕ್ಷ್ಯ ಅಧಿನಿಯಮವೇ ಅವಕಾಶ ನೀಡಿತ್ತು. 1872ರ ಆ ಉಪಕಲಂ ರದ್ದಾದದ್ದು 2002ರ ಕೊನೆಯಲ್ಲಿ. ಈಗ 48ನೇ ಕಲಂ ಪ್ರಕಾರ, ಒಪ್ಪಿಗೆಯ ಪ್ರಶ್ನೆ ಬಂದಾಗ ಆಕೆಯ ಚಾರಿತ್ರ್ಯವಾಗಲಿ ಹಿಂದಿನ ಲೈಂಗಿಕ ಅನುಭವವಾಗಲಿ ಪ್ರಸ್ತುತವೇ ಅಲ್ಲ. ನ್ಯಾಯಾಲಯದಲ್ಲಿ ವಕೀಲರು ಎತ್ತಬಾರದ ಮಾತು ಊರ ಕಟ್ಟೆಯ ಮೇಲೆ ಇಂದಿಗೂ ಮೊದಲ ಮಾತಾಗಿರುವುದು ಸದಸ್ಯರಿಗೆ ತಿಳಿಯದ ಸಂಗತಿಯಲ್ಲ.

2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದಲ್ಲಿ ಲೀಲಾ ಸೇಠ್ ಮತ್ತು ಗೋಪಾಲ್ ಸುಬ್ರಮಣಿಯಂ ಅವರಿದ್ದ ಸಮಿತಿ, ಒಂದು ತಿಂಗಳೊಳಗೆ, 2013ರ ಜನವರಿ 23ರಂದು ವರದಿ ಸಲ್ಲಿಸಿತು. ಅದೇ ವರ್ಷದ ತಿದ್ದುಪಡಿಯು ಅತ್ಯಾಚಾರದ ವ್ಯಾಖ್ಯಾನವನ್ನು ವಿಸ್ತರಿಸಿತು. ಒಪ್ಪಿಗೆಯ ವಯಸ್ಸನ್ನು 18ಕ್ಕೆ ಏರಿಸಿತು. ಒಪ್ಪಿಗೆಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ತೋರಿದ ಸ್ಪಷ್ಟ, ಸ್ವಇಚ್ಛೆಯ ಸಮ್ಮತಿ ಎಂದು ವಿವರಿಸಿತು. ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಳೆಂದು ತಿಳಿಯಕೂಡದು ಎಂಬ ವಾಕ್ಯ ಕಾನೂನಿನಲ್ಲಿ ಸೇರಿತು. ಇಂದಿನ ನ್ಯಾಯ ಸಂಹಿತೆಯ 63ನೇ ಕಲಂನಲ್ಲಿ ಅದು ಹಾಗೆಯೇ ಉಳಿದಿದೆ. ದೇಸಾಯಿಗಂಜ್‌ನ ಬಾಲಕಿಗೆ ಸಿಗದ ಉತ್ತರ ಇದು. ಅದು ಕಾನೂನಿನ ಪುಟಕ್ಕೆ ಬರಲು ನಲವತ್ತೊಂದು ವರ್ಷ ಬೇಕಾಯಿತು.

ಶಿಕ್ಷೆಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ; ಸಂತ್ರಸ್ತೆ 16 ವರ್ಷದೊಳಗಿನವಳಾದರೆ ಕನಿಷ್ಠ 20 ವರ್ಷ; 12 ವರ್ಷದೊಳಗಿನವಳಾದರೆ ಮರಣದಂಡನೆಯವರೆಗೆ; ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ. ಆದರೆ ಶಿಕ್ಷೆ ಎಷ್ಟೇ ಕಠಿಣವಾದರೂ ಅಪರಾಧ ಸಾಬೀತಾಗದೆ ಅದು ಕಾಗದದ ಮೇಲಿನ ಅಂಕಿಯಷ್ಟೇ. ಸಾಬೀತಿನ ದಾರಿ ಆಸ್ಪತ್ರೆ ಮತ್ತು ಪ್ರಯೋಗಾಲಯದ ಮೂಲಕ ಹಾಯ್ದುಹೋಗುತ್ತದೆ.

ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು, ನಡೆಯಬಾರದ್ದು

ಸಂತ್ರಸ್ತೆಯನ್ನು, ಅಪರಾಧದ ಮಾಹಿತಿ ಪೊಲೀಸರಿಗೆ ದೊರೆತ 24 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಕಳುಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ ಹೇಳುತ್ತದೆ. ವೈದ್ಯರು ಏಳು ದಿನದೊಳಗೆ ವರದಿಯನ್ನು ತನಿಖಾಧಿಕಾರಿಗೆ ಕಳುಹಿಸಬೇಕು. ಪರೀಕ್ಷೆಗೆ ಆಕೆಯ ಸಮ್ಮತಿ, ಅಥವಾ ಆಕೆಯ ಪರವಾಗಿ ಸಮ್ಮತಿ ನೀಡಲು ಅರ್ಹರಾದವರ ಸಮ್ಮತಿ ಬೇಕೇ ಬೇಕು. ಸಮ್ಮತಿ ಪಡೆದುದನ್ನು ವರದಿಯಲ್ಲಿ ದಾಖಲಿಸಬೇಕು. ಬಾಲಕಿಯಾಗಿದ್ದರೆ ಪರೀಕ್ಷೆ ನಡೆಸುವವರು ಮಹಿಳಾ ವೈದ್ಯರೇ ಆಗಿರಬೇಕೆಂದು ಪೋಕ್ಸೋ ಕಾಯ್ದೆ ವಿಧಿಸಿದೆ.

ಪೊಲೀಸರ ಕಾಗದವಿಲ್ಲದೆ ಆಸ್ಪತ್ರೆ ಮುಟ್ಟುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಇದು ತಪ್ಪು. ಸಂತ್ರಸ್ತೆ ನೇರವಾಗಿ ಬಂದರೂ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಕೂಡಲೇ ಪ್ರಥಮ ಚಿಕಿತ್ಸೆ ಮತ್ತು ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ನೀಡಿ, ಪೊಲೀಸರಿಗೆ ತಿಳಿಸಬೇಕು. ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆಯಾಗಬಹುದು. ಗರ್ಭ ನಿರೋಧಕ ಔಷಧ, ಸೋಂಕು ತಡೆಯುವ ಔಷಧ ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಕೊಡಬೇಕಾದವು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಬೇಕು. ಸಾಕ್ಷ್ಯಕ್ಕಿಂತ ಮೊದಲು ಆಕೆಯ ಜೀವ.

ಸಾಕ್ಷ್ಯದ ಗಡಿಯಾರವೂ ಹಾಗೆಯೇ ಓಡುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ, ದೇಹದಿಂದ ಹತ್ತಿಯ ಕಡ್ಡಿಯಲ್ಲಿ ತೆಗೆಯುವ ಮಾದರಿಗಳಲ್ಲಿ ಕುರುಹು ಸಿಗುವ ಸಾಧ್ಯತೆ 72 ಗಂಟೆಗಳ ನಂತರ ಬಹಳ ಕಡಿಮೆಯಾಗುತ್ತದೆ. 96 ಗಂಟೆಗಳವರೆಗೆ ಮಾದರಿ ತೆಗೆಯಬಹುದು. ಬಟ್ಟೆಯ ಮೇಲಿನ ಒಣ ಕಲೆ ಹೆಚ್ಚು ಕಾಲ ಉಳಿಯುತ್ತದೆ, ಒಗೆಯದಿದ್ದರೆ ಮಾತ್ರ.

ನಡೆಯಬಾರದ್ದು ‘ಎರಡು ಬೆರಳಿನ ಪರೀಕ್ಷೆ’. ಹೆಣ್ಣು ಹಿಂದೆ ಲೈಂಗಿಕ ಸಂಪರ್ಕಕ್ಕೆ ಒಳಗಾಗಿದ್ದಳೇ ಎಂದು ತಿಳಿಯುವ ನೆಪದಲ್ಲಿ ದಶಕಗಳ ಕಾಲ ಇದು ನಡೆದುಕೊಂಡು ಬಂದಿತು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನೊಂದವಳನ್ನು ಮತ್ತೊಮ್ಮೆ ನೋಯಿಸುವುದಷ್ಟೇ ಇದರ ಕೆಲಸ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದಿತು. ಆದರೂ ನಿಲ್ಲದ ಕಾರಣ 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಈ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದು ಹೇಳಿ, ವೈದ್ಯಕೀಯ ಪಠ್ಯದಿಂದಲೇ ತೆಗೆಯುವ ಕ್ರಮಕ್ಕೆ ನಿರ್ದೇಶಿಸಿತು.

‘ಡಾಕ್ಟರು ರೇಪ್ ಆಗಿಲ್ಲ ಅಂತ ಬರೆದುಬಿಟ್ಟರಂತೆ’ ಎಂಬ ಮಾತೂ ಊರಿನಲ್ಲಿ ಬೇಗ ಹರಡುತ್ತದೆ. ಅತ್ಯಾಚಾರ ಎಂಬುದು ಕಾನೂನಿನ ತೀರ್ಮಾನ; ವೈದ್ಯರು ತಾವು ಕಂಡದ್ದನ್ನು ಬರೆಯುತ್ತಾರೆ, ತೀರ್ಮಾನ ನ್ಯಾಯಾಲಯದ್ದು. ಗಾಯ ಕಾಣದಿರಬಹುದು, ವೀರ್ಯದ ಕುರುಹು ಸಿಗದಿರಬಹುದು. ಅದರಿಂದ ಘಟನೆಯೇ ನಡೆದಿಲ್ಲವೆಂದಾಗುವುದಿಲ್ಲ. ನಂಬಿಕೆಗೆ ಅರ್ಹವಾದ ಸಂತ್ರಸ್ತೆಯ ಒಂದೇ ಸಾಕ್ಷ್ಯದ ಮೇಲೆ ಶಿಕ್ಷೆ ವಿಧಿಸಬಹುದು ಎಂಬುದು 1996ರ ಗುರ್ಮಿತ್ ಸಿಂಗ್ ಪ್ರಕರಣದ ತೀರ್ಪಿನಿಂದ ದೃಢವಾಗಿರುವ ತತ್ತ್ವ. ಮರ್ಯಾದೆಯ ಅಂಜಿಕೆಯಿಂದ ದೂರು ತಡವಾದರೆ ಅದೊಂದೇ ಕಾರಣಕ್ಕೆ ದೂರನ್ನು ಶಂಕಿಸಬಾರದೆಂದೂ ಅದೇ ತೀರ್ಪು ಹೇಳಿತು. ಆದುದರಿಂದ ಹುಡುಗಿ ಈಗಾಗಲೇ ಸ್ನಾನ ಮಾಡಿದ್ದರೆ, ಮೂರು ದಿನ ಕಳೆದಿದ್ದರೆ, ‘ಇನ್ನೇನೂ ಪ್ರಯೋಜನವಿಲ್ಲ’ ಎಂದು ಯಾರೂ ಹಿಂದೆ ಕಳುಹಿಸಕೂಡದು.

ಊರಿನ ಕೈಯಲ್ಲಿರುವ ಸಾಕ್ಷ್ಯ

ಸದಸ್ಯರು ತನಿಖೆ ಮಾಡಬೇಕಾಗಿಲ್ಲ, ಮಾಡಲೂ ಬಾರದು. ಇರುವ ಸಾಕ್ಷ್ಯ ಹಾಳಾಗದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ. ಸಾಧ್ಯವಾದರೆ ಸಂತ್ರಸ್ತೆ ಅದೇ ಬಟ್ಟೆಯಲ್ಲಿ, ಸ್ನಾನ ಮಾಡದೆ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಬದಲಾಯಿಸುವ ಬಟ್ಟೆ ಜೊತೆಯಲ್ಲಿರಲಿ. ಈಗಾಗಲೇ ಬಟ್ಟೆ ಬದಲಾಯಿಸಿದ್ದರೆ ಅದನ್ನು ಒಗೆಯದೆ, ಕೊಡವದೆ, ಒಂದೊಂದನ್ನೂ ಬೇರೆಬೇರೆ ಶುಭ್ರ ಕಾಗದದ ಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಒದ್ದೆಯಿದ್ದರೆ ನೆರಳಿನಲ್ಲಿ ಆರಿಸಬೇಕು, ಬಿಸಿಲಿನಲ್ಲಲ್ಲ. ಇದನ್ನು ಸಂತ್ರಸ್ತೆಯ ಮನೆಯವರೇ ಮಾಡಿ ಪೊಲೀಸರಿಗೋ ವೈದ್ಯರಿಗೋ ಕೊಡಬೇಕು. ಸದಸ್ಯರ ಮನೆಗೆ ಒಯ್ದಿಡುವುದು ಸಲ್ಲದು.

ಘಟನೆಯ ಸ್ಥಳ ಪಂಪ್‌ಹೌಸ್ ಆಗಿರಬಹುದು, ಕಬ್ಬಿನ ಗದ್ದೆಯ ಅಂಚಾಗಿರಬಹುದು, ಪಾಳುಬಿದ್ದ ಶಾಲಾ ಕೊಠಡಿಯಾಗಿರಬಹುದು. ಜನ ನೋಡಲು ಹೋಗುತ್ತಾರೆ; ಹೋದವರು ತುಳಿಯುತ್ತಾರೆ, ಮುರಿದ ಬಳೆಯ ಚೂರನ್ನು ಕೈಯಲ್ಲೆತ್ತಿ ನೋಡುತ್ತಾರೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಚಿತ್ರೀಕರಣವಾಗಬೇಕು ಎಂದು ಸುರಕ್ಷಾ ಸಂಹಿತೆಯ 176(3)ನೇ ಕಲಂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದೊಳಗಿನ ಅವಧಿ ನೀಡಲಾಗಿದೆ. ತಜ್ಞರು ಬರುವ ಹೊತ್ತಿಗೆ ಅಲ್ಲಿ ಏನಾದರೂ ಉಳಿದಿರಬೇಕಲ್ಲ! ಹಗ್ಗ ಕಟ್ಟಿಯೋ ಇಬ್ಬರನ್ನು ಕಾವಲಿಗೆ ನಿಲ್ಲಿಸಿಯೋ ಜನರನ್ನು ದೂರವಿರಿಸುವ ಕೆಲಸ ಸದಸ್ಯರಿಗೆ ಕಷ್ಟವಲ್ಲ.

ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕು. ಸಿಕ್ಕಿಬಿದ್ದ ಆರೋಪಿಯನ್ನು ಕಂಬಕ್ಕೆ ಕಟ್ಟಿ ಥಳಿಸುವುದು ನ್ಯಾಯವೆಂದು ಕೆಲವರು ಭಾವಿಸುತ್ತಾರೆ. ಅದು ಅಪರಾಧ ಎಂಬುದು ಒಂದು ಮಾತು. ಸಾಕ್ಷ್ಯನಾಶ ಎಂಬುದು ಮತ್ತೊಂದು. ಹುಡುಗಿ ಪರಚಿದ ಗೀರು ಆತನ ಮುಖದ ಮೇಲೆ, ಆಕೆಯ ಕೂದಲೋ ರಕ್ತವೋ ಆತನ ಅಂಗಿಯ ಮೇಲೆ ಇರಬಹುದು. ಆರೋಪಿಯ ದೇಹವನ್ನೂ ವೈದ್ಯರು ಪರೀಕ್ಷಿಸಿ ಡಿಎನ್‌ಎ ಮಾದರಿ ತೆಗೆಯಲು ಕಾನೂನಿನಲ್ಲಿ ಅವಕಾಶವಿದೆ. ಹತ್ತು ಜನ ಹೊಡೆದ ಮೈಮೇಲೆ ಹುಡುಗಿಯ ಉಗುರಿನ ಗೀರನ್ನು ಯಾವ ವೈದ್ಯರು ಗುರುತಿಸಬಲ್ಲರು? ಆರೋಪಿಯನ್ನು ಕೂಡಲೇ ಪೊಲೀಸರಿಗೆ ಒಪ್ಪಿಸಬೇಕು.

ಮೊಬೈಲ್‌ನಲ್ಲಿ ವಿಡಿಯೊ ಹರಿದಾಡುತ್ತಿದ್ದರೆ ಅದನ್ನು ಸದಸ್ಯರ ಗುಂಪಿಗೆ ‘ಮಾಹಿತಿಗಾಗಿ’ ಕಳುಹಿಸುವುದೂ ಅಪರಾಧವೇ. ಬಂದದ್ದನ್ನು ಮುಂದಕ್ಕೆ ಕಳುಹಿಸದೆ, ಯಾರಿಂದ, ಯಾವಾಗ ಬಂದಿತೆಂಬುದನ್ನು ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ಆ ಮೊಬೈಲನ್ನು ಏನು ಮಾಡಬೇಕೆಂಬುದನ್ನು ಅವರೇ ಹೇಳುತ್ತಾರೆ.

ಮಹಜರಿನ ಸಹಿ

ಪ್ರಕರಣ ದುರ್ಬಲವಾಗುವ, ಹೆಚ್ಚು ಮಾತಿಗೆ ಬಾರದ ಜಾಗ ಮಹಜರು. ಸ್ಥಳ ಮಹಜರಿಗೆ, ಬಟ್ಟೆ ವಶಪಡಿಸಿಕೊಳ್ಳುವ ಮಹಜರಿಗೆ ಪಂಚರಾಗಿ ಪೊಲೀಸರು ಕರೆಯುವುದು ಹಲವು ಬಾರಿ ಪಂಚಾಯಿತಿ ಸದಸ್ಯರನ್ನೇ. ಕೆಲಸದ ಗಡಿಬಿಡಿಯಲ್ಲಿ ಸ್ಥಳಕ್ಕೆ ಹೋಗದೆ ಸಂಜೆ ಠಾಣೆಯಲ್ಲಿ ಸಹಿ ಮಾಡಿದರೆ ಏನಾಗುತ್ತದೆ? ಮೂರು ವರ್ಷದ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಆರೋಪಿಯ ವಕೀಲರು ಕೇಳುವ ಮೊದಲ ಪ್ರಶ್ನೆಗೇ, ಬಟ್ಟೆಯ ಬಣ್ಣ ಯಾವುದಿತ್ತು, ಚೀಲಕ್ಕೆ ಅರಗಿನ ಮುದ್ರೆ ಯಾರು ಹಾಕಿದರು ಎಂಬುದಕ್ಕೇ, ಉತ್ತರವಿರುವುದಿಲ್ಲ. ಪಂಚರು ಪ್ರತಿಕೂಲ ಸಾಕ್ಷಿಗಳಾಗುತ್ತಾರೆ. ಪ್ರಯೋಗಾಲಯದ ವರದಿ ಎಷ್ಟೇ ನಿಖರವಾಗಿರಲಿ, ಪರೀಕ್ಷೆಗೆ ಹೋದ ವಸ್ತು ಆ ಸ್ಥಳದಿಂದಲೇ ಬಂದದ್ದು, ನಡುವೆ ಯಾರೂ ಮುಟ್ಟಿಲ್ಲ ಎಂಬ ಸರಪಳಿ ತುಂಡಾದರೆ ವರದಿಗೆ ಬೆಲೆ ಇಲ್ಲ. ಆ ಸರಪಳಿಯ ಮೊದಲ ಕೊಂಡಿಯೇ ಪಂಚರ ಸಹಿ.

ಈಗ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ವಶಪಡಿಸಿಕೊಳ್ಳುವ ಕ್ರಿಯೆ, ಪಟ್ಟಿ ತಯಾರಿ ಮತ್ತು ಸಾಕ್ಷಿಗಳ ಸಹಿ ಸೇರಿದಂತೆ, ಧ್ವನಿ-ದೃಶ್ಯ ಮಾಧ್ಯಮದಲ್ಲಿ ದಾಖಲಾಗಬೇಕು. ಅಲ್ಲಿ ಇಲ್ಲದವರ ಸಹಿ ಅಲ್ಲಿದ್ದಂತೆ ಕಾಣುವ ಕಾಲ ಮುಗಿಯುತ್ತಿದೆ. ಸದಸ್ಯರು ಖುದ್ದಾಗಿ ನಿಂತು, ಬರೆದದ್ದನ್ನು ಓದಿಸಿ ಕೇಳಿ, ಕಂಡದ್ದಕ್ಕೆ ಮಾತ್ರ ಸಹಿ ಹಾಕಬೇಕು. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಹಾಕಬಾರದು.

ವಯಸ್ಸಿನ ದಾಖಲೆಯೂ ಊರಿನಲ್ಲೇ ಇರುವ ಸಾಕ್ಷ್ಯ. ಬಾಲಕಿಗೆ 18 ತುಂಬಿದೆಯೇ ಇಲ್ಲವೇ ಎಂಬುದರ ಮೇಲೆ ಪೋಕ್ಸೋ ಅನ್ವಯ ನಿಲ್ಲುತ್ತದೆ. ಇದಕ್ಕೆ ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕದ ದಾಖಲೆ. ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆ ನೀಡಿದ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಮೂಳೆಯ ಪರೀಕ್ಷೆ ಅಂದಾಜನ್ನಷ್ಟೇ ಕೊಡುತ್ತದೆ, ಆ ಅಂದಾಜಿನ ಅಂತರದಲ್ಲಿ ಆರೋಪಿ ನುಸುಳಿಕೊಳ್ಳುತ್ತಾನೆ. 21 ದಿನದೊಳಗೆ ಜನನ ನೋಂದಣಿ ಮಾಡಿಸಿರೆಂದು ಸಭೆಗಳಲ್ಲಿ ಹೇಳುವ ಸಾಮಾನ್ಯ ಮಾತು ಹೀಗೂ ಒಮ್ಮೆ ಕೆಲಸಕ್ಕೆ ಬರುತ್ತದೆ.

ರಾಜಿ ಎಂಬುದಿಲ್ಲ

ಅತ್ಯಾಚಾರ ರಾಜಿಯಾಗಬಲ್ಲ ಅಪರಾಧವಲ್ಲ. ದಂಡ ಕಟ್ಟಿಸುವುದು, ಆರೋಪಿಗೇ ಮದುವೆ ಮಾಡಿಕೊಡುವುದು, ಛಾಪಾ ಕಾಗದದಲ್ಲಿ ಒಪ್ಪಂದ ಬರೆಸುವುದು ಯಾವುದಕ್ಕೂ ಕಾನೂನಿನಲ್ಲಿ ಬೆಲೆಯಿಲ್ಲ. ಇಂತಹ ಪ್ರಕರಣಗಳಲ್ಲಿ ರಾಜಿಯ ಆಲೋಚನೆಯೇ ಕೂಡದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿದೆ. ಬಾಲಕಿಯಾಗಿದ್ದರೆ ಅಂಥ ಮದುವೆ ಮತ್ತೊಂದು ಅಪರಾಧ: 18 ವರ್ಷದೊಳಗಿನ ಹೆಂಡತಿಯೊಡನೆ ಸಂಪರ್ಕವೂ ಅತ್ಯಾಚಾರವೇ ಎಂದು 2017ರಲ್ಲಿ ತೀರ್ಪಾಗಿದೆ. ಮಕ್ಕಳ ವಿಷಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಇಲ್ಲ. ಅಪರಾಧ ನಡೆದಿದೆಯೆಂದು ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಪೋಕ್ಸೋ ಕಾಯ್ದೆಯ 21ನೇ ಕಲಂ ಅಡಿ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ‘ಹಿರಿಯರು ಬಗೆಹರಿಸುತ್ತಿದ್ದರು’ ಎಂಬುದು ಇದಕ್ಕೆ ಸಮರ್ಥನೆಯಲ್ಲ.

ದೂರಿಗೆ ಠಾಣೆಯ ಸರಹದ್ದು ಅಡ್ಡಿಯಲ್ಲ. ಯಾವ ಠಾಣೆಯಲ್ಲಾದರೂ ದಾಖಲಿಸಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಅದೂ ಸಂತ್ರಸ್ತೆಯ ಮನೆಯಲ್ಲಿ ಅಥವಾ ಆಕೆ ಬಯಸಿದ ಸ್ಥಳದಲ್ಲಿ. ಆ ವೇಳೆ ತಂದೆತಾಯಿ, ಹತ್ತಿರದ ಬಂಧುಗಳು ಅಥವಾ ಅದೇ ಪ್ರದೇಶದ ಸಮಾಜ ಸೇವಕರು ಜೊತೆಗಿರಬಹುದು ಎನ್ನುತ್ತದೆ 176ನೇ ಕಲಂ. ಆಕೆ ಬಯಸಿದರೆ ನಂಬಿಕೆಯ ಮಹಿಳಾ ಸದಸ್ಯರೊಬ್ಬರು ಪಕ್ಕದಲ್ಲಿ ಕುಳಿತಿರಬಹುದು; ಹೇಳಿಕೊಡುವುದಕ್ಕಲ್ಲ, ಧೈರ್ಯಕ್ಕೆ. ಪೊಲೀಸ್ ಅಧಿಕಾರಿ ಎಫ್‌ಐಆರ್ ದಾಖಲಿಸಲು ನಿರಾಕರಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸಕ್ಕೆ ಗುರಿಯಾಗುತ್ತಾರೆ.

ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೆ ಸಂಬಂಧಿಸಿದ ಮಹತ್ವದ ನಿರ್ದೇಶನ ಹೊರಟದ್ದು ಕರ್ನಾಟಕದ್ದೇ ಪ್ರಕರಣವೊಂದರಿಂದ. ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಪ್ರಕರಣದಲ್ಲಿ 2014ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯವು, ಮಾಹಿತಿ ದೊರೆತ ಕೂಡಲೇ ತನಿಖಾಧಿಕಾರಿ ಸಂತ್ರಸ್ತೆಯನ್ನು ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ದು ಹೇಳಿಕೆ ಕೊಡಿಸಬೇಕು, 24 ಗಂಟೆ ಮೀರಿದರೆ ಕಾರಣವನ್ನು ದಿನಚರಿಯಲ್ಲಿ ಬರೆಯಬೇಕು ಎಂದಿತು. ತಡವಾದಷ್ಟೂ ಒತ್ತಡ ಹೇರುವವರಿಗೆ ಸಮಯ ಸಿಗುತ್ತದೆ ಎಂಬುದು ಊರಿನ ರಾಜಕೀಯ ಬಲ್ಲವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಸಂತ್ರಸ್ತೆಯ ಹೆಸರು, ತಂದೆಯ ಹೆಸರು, ಮನೆ, ಶಾಲೆ, ಗುರುತು ಹತ್ತುವ ಯಾವುದೇ ವಿವರ ಸಭೆಯ ನಡಾವಳಿಯಲ್ಲಾಗಲಿ ಭಿತ್ತಿಪತ್ರದಲ್ಲಾಗಲಿ ಬರಕೂಡದು. 72ನೇ ಕಲಂ ಅಡಿ ಎರಡು ವರ್ಷದವರೆಗೆ ಶಿಕ್ಷೆಯಿದೆ. ನ್ಯಾಯಕ್ಕಾಗಿ ಮೆರವಣಿಗೆ ಮಾಡಿ ಆಕೆಯ ಭಾವಚಿತ್ರ ಹಿಡಿಯುವುದೂ ಇದರಲ್ಲಿ ಸೇರುತ್ತದೆ.

ಸುಧಾರಣೆ ಮುಗಿದಿದೆಯೆಂದು ತಿಳಿಯಬೇಕಿಲ್ಲ. ವರ್ಮಾ ಸಮಿತಿ ಕೈಬಿಡಲು ಹೇಳಿದ ವಿವಾಹ ಸಂಬಂಧದ ವಿನಾಯಿತಿ, ವಯಸ್ಕ ಹೆಂಡತಿಯ ಮಟ್ಟಿಗೆ, ಹೊಸ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಇಂಥ ಆರೋಪವೊಂದನ್ನು ರದ್ದುಪಡಿಸಲು ನಿರಾಕರಿಸಿತ್ತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಯಿತು. ವಯಸ್ಕ ಪುರುಷರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಹಳೆಯ ಸಂಹಿತೆಯ 377ನೇ ಕಲಂನಂತಹ ಪ್ರತ್ಯೇಕ ಕಲಂ ಹೊಸದರಲ್ಲಿ ಇಲ್ಲ. ಆದರೆ ಬಾಲಕರಿಗೆ ಪೋಕ್ಸೋ ರಕ್ಷಣೆ ಸಮಾನವಾಗಿ ಇದೆ. ಹುಡುಗನಲ್ಲವೇ, ಏನಾಗುತ್ತದೆ ಎಂಬ ಉಡಾಫೆ ಬೇಡ.

ತುರ್ತು ನೆರವಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ವೈದ್ಯಕೀಯ, ಕಾನೂನು, ಆಪ್ತ ಸಮಾಲೋಚನೆ ಮತ್ತು ತಾತ್ಕಾಲಿಕ ವಸತಿ ಒಂದೇ ಕಡೆ ದೊರೆಯುವುದು ‘ಸಖಿ’ ಒನ್ ಸ್ಟಾಪ್ ಸೆಂಟರ್‌ನಲ್ಲಿ. ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಮಧ್ಯಂತರ ಪರಿಹಾರಕ್ಕೆ ತೀರ್ಪು ಬರುವವರೆಗೆ ಕಾಯಬೇಕಾಗಿಲ್ಲ. ಈ ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ ಮತ್ತು ಉಪಕೇಂದ್ರದ ಗೋಡೆಯ ಮೇಲೆ ಬರೆಸುವುದನ್ನು, ಶಾಲಾ ದಾಖಲೆ ಹಾಗೂ ಜನನ ನೋಂದಣಿಯ ಸ್ಥಿತಿಯನ್ನು ಮುಂದಿನ ಮಹಿಳಾ ಗ್ರಾಮ ಸಭೆ ಮತ್ತು ಮಕ್ಕಳ ಗ್ರಾಮ ಸಭೆಯ ವಿಷಯಗಳಾಗಿ ತೆಗೆದುಕೊಳ್ಳಬಹುದು.